ಬಯಲ ನಡುವಿನ ನಡುಗಡ್ಡೆಗಳು

ದೇವರಾಯನದುರ್ಗದ ಒಂದು ಮಗ್ಗುಲಲ್ಲಿ ಬಿದ್ದ ಮಳೆ ಜಯಮಂಗಲಿಯಾಗಿ ಉತ್ತರಕ್ಕೆ ಹರಿದು ಪೆನ್ನಾರನ್ನು ಸೇರುತ್ತದೆ. ಇನ್ನೊಂದು ಮಗ್ಗುಲಲ್ಲಿ ಬಿದ್ದದ್ದು ಶಿಂಷೆಯಾಗಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಂತು, ಮಂಡ್ಯ ಜಿಲ್ಲೆಯನ್ನು ಹಾದು ಕಾವೇರಿಗೆ ಕೂಡುತ್ತದೆ. ತುಮಕೂರು ನಗರದಿಂದ ಹದಿನೈದು ಕಿಲೋಮೀಟರ್ ಆಚೆಗಿರುವ ಈ ಬೆಟ್ಟಸಾಲು ಸುಮಾರು 42 ಚದರ ಕಿಲೋಮೀಟರ್ ಕಾಡು. ಮಲೆನಾಡಿನವರ ಕಣ್ಣಿಗೆ ಅದು ಕಾಡೇ ಅಲ್ಲ ಅನ್ನಿಸಬಹುದು. ಆದರೆ ಸುತ್ತ ತೆಂಗು, ಅಡಿಕೆ, ರಾಗಿ ಹೊಲ, ಕಲ್ಲುಗಣಿ, ಹೆದ್ದಾರಿ, ಕೈಗಾರಿಕಾ ಬಡಾವಣೆ ಹಬ್ಬಿರುವ ಈ ಸೀಮೆಯಲ್ಲಿ ಕರಡಿ, ಚಿರತೆ, ನವಿಲು, ಹಳದಿ ಕತ್ತಿನ ಪಿಕಳಾರಕ್ಕೆ ನೆಲೆಯಾಗಿ ಉಳಿದಿರುವುದು ಇಂಥವೇ ಒಂದಷ್ಟು ತುಣುಕು ನೆಲ.

ಇವು ನಡುಗಡ್ಡೆಗಳು. ಹಾಗೆನ್ನುವುದು ಅಲಂಕಾರಕ್ಕಲ್ಲ. ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ 1967ರಲ್ಲಿ ಸಮುದ್ರದ ದ್ವೀಪಗಳ ಬಗ್ಗೆ ಒಂದು ಸಿದ್ಧಾಂತ ಮಂಡಿಸಿದರು: ದ್ವೀಪ ಚಿಕ್ಕದಾದಷ್ಟೂ, ಮುಖ್ಯ ಭೂಮಿಯಿಂದ ದೂರವಾದಷ್ಟೂ ಅದರಲ್ಲಿ ಉಳಿಯುವ ಜೀವಜಾತಿಗಳು ಕಡಿಮೆಯಾಗುತ್ತವೆ, ಒಮ್ಮೆ ಅಳಿದದ್ದು ಹೊರಗಿನಿಂದ ಮತ್ತೆ ಬಂದು ಸೇರುವುದು ಕಷ್ಟ. ಆಮೇಲೆ ಇದೇ ಲೆಕ್ಕ ಹೊಲಗದ್ದೆಗಳ ನಡುವೆ ಸಿಕ್ಕಿಬಿದ್ದ ಕಾಡಿನ ತುಣುಕುಗಳಿಗೂ ಅನ್ವಯಿಸುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡರು. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಪ್ರಕೃತಿ ಸಂರಕ್ಷಣೆಯ ಪ್ರಶ್ನೆ ಎಂದರೆ ಈ ನಡುಗಡ್ಡೆಗಳ ಪ್ರಶ್ನೆ. ಬಂಡೀಪುರ, ನಾಗರಹೊಳೆಗಳಲ್ಲಿ ಸರ್ಕಾರ ಬೇಲಿ ಹಾಕಿ ಕಾಯುತ್ತದೆ. ಇಲ್ಲಿ ಕಾಯಬೇಕಾದ ನೆಲದ ಬಹುಪಾಲು ಅರಣ್ಯ ಇಲಾಖೆಯ ಕೈಯಲ್ಲೇ ಇಲ್ಲ. ಕೆರೆಯ ಅಂಗಳ, ಗೋಮಾಳ, ಗುಂಡುತೋಪು, ಹುಣಸೆ ಸಾಲು, ಹೊಲದ ಬೇಲಿ, ಕಾವಲು, ಇವೆಲ್ಲ ಜನರ ನಡುವಿನ ನೆಲ. ಹಾಗಾಗಿ ಅವುಗಳ ಅಳಿವು ಉಳಿವು ಪಕ್ಕದಲ್ಲಿ ಬದುಕುವವರ ಅರಿವನ್ನೇ ಅವಲಂಬಿಸಿದೆ. ಇಲ್ಲಿ ಈತನಕ ಉಳಿದಿರುವುದೆಲ್ಲ ಯಾರೋ ಹೆಸರು ಹಿಡಿದು ಗುರುತಿಸಿದ್ದು. ಕಳೆದುಹೋಗುತ್ತಿರುವುದು ಯಾರೂ ಗುರುತಿಸದೆ ಬಿಟ್ಟದ್ದು. ಕಳೆದ ನಾಲ್ಕು ದಶಕಗಳ ಜಿಲ್ಲೆಯ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇದು.

ಅರಿವು ಎಂಬುದು ಈ ಜಿಲ್ಲೆಗೆ ಹೊಸದಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ಹೊಲಹಳ್ಳಿ ಮತ್ತು ನೆರೆಯ ಹಳ್ಳಿಯ ಸಣ್ಣ ರೈತರು ಗುಂಪಾಗಿ ಅರಣ್ಯ ಇಲಾಖೆಯ ನರ್ಸರಿಗೆ ನಡೆದು, ಅಲ್ಲಿ ಬೆಳೆಸಿದ್ದ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ, ಆ ಜಾಗದಲ್ಲಿ ಹುಣಸೆ ಮತ್ತು ಮಾವಿನ ಬೀಜ ಊರಿದರು. ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಜೋರಾಗಿದ್ದ ಕಾಲ ಅದು. ರಾಗಿ ಹೊಲಗಳೆಲ್ಲ ನೀಲಗಿರಿ ತೋಪುಗಳಾಗುತ್ತಿದ್ದವು. ಯಾವ ಕಾರ್ಯಾಗಾರವೂ, ಯಾವ ಭಾಷಣವೂ ಆ ರೈತರನ್ನು ಎಬ್ಬಿಸಿರಲಿಲ್ಲ. ದನಕ್ಕೆ ಮೇವಿಲ್ಲ, ಕೂಲಿಯಿಲ್ಲ, ಬಾವಿಯಲ್ಲಿ ನೀರಿಲ್ಲ ಎಂಬುದನ್ನು ಅವರು ತಮ್ಮ ಹೊಲದ ಬದುವಿನಲ್ಲೇ ಕಂಡಿದ್ದರು. ಕರ್ನಾಟಕ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಹಳ್ಳಿಯ ಅರಿವಿಗೂ ಸರ್ಕಾರದ ಆದೇಶಕ್ಕೂ ನಡುವೆ ಮೂವತ್ತನಾಲ್ಕು ವರ್ಷಗಳ ಅಂತರ. ಪರಿಸರದ ವಿಷಯದಲ್ಲಿ ಜನರಿಗೆ ತಿಳಿವಳಿಕೆ ಇಲ್ಲ, ಕೊಡಬೇಕು ಎಂದು ವೇದಿಕೆಯಿಂದ ಹೇಳುವವರು ಈ ಅಂತರವನ್ನು ನೆನಪಿಟ್ಟುಕೊಳ್ಳಬೇಕು.

ಜಿಲ್ಲೆಯಲ್ಲಿ ವನ್ಯಜೀವಿಗಳ ಕಡೆಗೆ ಸಾರ್ವಜನಿಕರ ಗಮನ ಹರಿದ ಬಗೆಯೂ ಕೆಳಗಿನಿಂದಲೇ. ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯ ಕಾಲದಲ್ಲಿ ದೇವರಾಯನದುರ್ಗದ ಬಳಿಯ ನಾಮದ ಚಿಲುಮೆಯ ಬಂಗಲೆಯಲ್ಲಿ ತಂಗಿದ್ದರು. ಕೆನೆತ್ ಆಂಡರ್ಸನ್ 1957ರ ತನ್ನ ಪುಸ್ತಕದಲ್ಲಿ ದೇವರಾಯನದುರ್ಗದ ಹುಲಿಯ ಕಥೆ ಬರೆದ. ಇವೆಲ್ಲ ಹೊರಗಿನಿಂದ ಬಂದವರ ನೋಟ. ಒಳಗಿನವರು ಹೆಸರಿಟ್ಟು, ಎಣಿಸಿ, ಬರೆದಿಡಲು ತೊಡಗಿದ್ದು 1990ರ ದಶಕದಲ್ಲಿ, ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನಂಥ ಸಣ್ಣ ಬಳಗಗಳಿಂದ. ಟಿ.ವಿ.ಎನ್. ಮೂರ್ತಿ, ಅಮೀನ್ ಅಹ್ಮದ್, ಬಿ.ವಿ. ಗುಂಡಪ್ಪ ಮೊದಲಾದವರು ಇದ್ದ ಈ ಬಳಗದ ದುಡಿಮೆಯಿಂದ ಎರಡು ಜಾಗಗಳು ನಾಡಿಗೆ ಗೊತ್ತಾದವು. ಒಂದು, ಶಿರಾ ತಾಲ್ಲೂಕಿನ ಕಗ್ಗಲಡು. ಊರ ನಡುವಿನ ಹುಣಸೆ ಮರಗಳಲ್ಲಿ 1993ರಿಂದ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತಿದ್ದವು. 1999ರಲ್ಲಿ ಬಳಗದವರು ಅದನ್ನು ಹೊರಜಗತ್ತಿಗೆ ತಿಳಿಸಿದರು. ಇನ್ನೊಂದು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಅಲ್ಲಿನ 798 ಎಕರೆ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿದ್ದವು. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ದೇವರಾಯನದುರ್ಗದಲ್ಲಿ ಹುಟ್ಟುವ ಹೊಳೆಯ ಹೆಸರೇ ಅದಕ್ಕೆ ಬಂತು.

ಕಗ್ಗಲಡುವಿನಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೊರಗಿನವರು ಹೋಗುವ ಮೊದಲೇ ಊರವರು ಹಕ್ಕಿಗಳಿಗೆ ಕಲ್ಲು ಹೊಡೆಯಲು ಬಿಡುತ್ತಿರಲಿಲ್ಲ. ಹಿಕ್ಕೆಯ ವಾಸನೆ, ಹುಣಸೆ ಫಸಲಿನ ನಷ್ಟ ಎರಡನ್ನೂ ಸಹಿಸಿಕೊಂಡೇ ಮರಗಳನ್ನು ಉಳಿಸಿದ್ದರು. ಶಿಂಷೆಯ ಕೆಳಹರಿವಿನಲ್ಲಿ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದ್ದೂ ಇದೇ ಕಥೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಗುರುತಿಸುವ ಎಷ್ಟೋ ಮೊದಲೇ ಆ ಊರಿನವರು ಹೆಜ್ಜಾರ್ಲೆ ಮತ್ತು ಕೊಕ್ಕರೆಗಳನ್ನು ತವರಿಗೆ ಬರುವ ಹೆಣ್ಣುಮಕ್ಕಳಂತೆ ಕಂಡಿದ್ದರು. ಆಮೇಲೆ ಹುಣಸೆ ಮರದ ಮಾಲೀಕರಿಗೆ ಇಲಾಖೆ ಪರಿಹಾರ ಕೊಡತೊಡಗಿತು. 1990ರ ದಶಕದಲ್ಲಿ ಕೆ. ಮನು ಮತ್ತು ಗೆಳೆಯರು ಊರಿನ ಯುವಕರೊಂದಿಗೆ ಹೆಜ್ಜಾರ್ಲೆ ಬಳಗ ಕಟ್ಟಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಕೊಕ್ಕರೆ ಬೆಳ್ಳೂರಿನಲ್ಲಿ ಕಾನೂನು ಬಂದದ್ದು ಕೊನೆಯಲ್ಲಿ. ಮೊದಲು ಊರವರ ಮಮತೆ, ಆಮೇಲೆ ಯಾರಾದರೊಬ್ಬರ ದಾಖಲೆ, ಆಮೇಲೆ ನಷ್ಟಕ್ಕೆ ಒಂದಿಷ್ಟು ಪರಿಹಾರ, ಕೊನೆಗೆ ಸರ್ಕಾರದ ಆದೇಶ. ಈ ಸರಣಿಯನ್ನು ತಿರುವುಮುರುವು ಮಾಡಿದ ಕಡೆಯೆಲ್ಲ ಜಗಳವಾಗಿದೆ.

ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ರಸ್ತೆಯಲ್ಲಿ ನಾಗವಲ್ಲಿ ಸಿಗುತ್ತದೆ. ಈ ಸಮೀಕ್ಷೆಯಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವ ಊರು ಅದು. ಅಲ್ಲಿನ ಬೇಲಿಗಳಲ್ಲಿ, ಜಾಲಿ, ಹುಣಸೆ, ಹೊಂಗೆ ಮರಗಳಲ್ಲಿ ಕಾಡುಪಾಪಗಳಿವೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ, ಬಾಲವಿಲ್ಲದ, ದುಂಡು ಕಣ್ಣಿನ ಈ ನಿಶಾಚರ ಪ್ರಾಣಿ ಭಾರತದ ದಕ್ಷಿಣ ಭಾಗ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹಗಲಿಡೀ ಕೊಂಬೆಯ ದಟ್ಟಣೆಯಲ್ಲಿ ಮುದುಡಿ ಮಲಗಿ, ರಾತ್ರಿ ಹುಳುಹುಪ್ಪಟೆ ತಿಂದು ಬದುಕುತ್ತದೆ. ಇದಕ್ಕೆ ಬಂದಿರುವ ಕಷ್ಟಗಳಲ್ಲಿ ಮೊದಲನೆಯದು ಮೂಢನಂಬಿಕೆ. ಕಂಡರೆ ಅಪಶಕುನ ಎಂದು ಹೊಡೆದು ಕೊಲ್ಲುವವರಿದ್ದರು. ಮಾಟಮಂತ್ರಕ್ಕೆಂದು ಹಿಡಿದು ಹಿಂಸಿಸುವವರೂ ಇದ್ದರು. ನಾಗವಲ್ಲಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕರಾಗಿದ್ದ ಬಿ.ವಿ. ಗುಂಡಪ್ಪ ಮಾಡಿದ ಕೆಲಸ ನೋಡಿ: ತಮ್ಮ ವಿದ್ಯಾರ್ಥಿಗಳನ್ನೇ ಕಟ್ಟಿಕೊಂಡು ಕಾಡುಪಾಪ ಎಲ್ಲಿದೆ, ಏನು ತಿನ್ನುತ್ತದೆ, ಯಾವ ಮರದಲ್ಲಿ ಮಲಗುತ್ತದೆ ಎಂದು ಗಮನಿಸುವ ಅಭ್ಯಾಸ ಬೆಳೆಸಿದರು. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನಿಗೆ, ಅಜ್ಜಿಗೆ ಹೇಳಿದರು. ಅಪಶಕುನದ ಪ್ರಾಣಿ ಕೆಲವೇ ವರ್ಷಗಳಲ್ಲಿ ಊರಿನ ಪ್ರಾಣಿಯಾಯಿತು. ಪರಿಸರ ದಿನದಂದು ಒಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವ ಶಾಲೆಗಳಿಗೂ ಈ ಶಾಲೆಗೂ ಇರುವ ವ್ಯತ್ಯಾಸ ದೊಡ್ಡದು. ಅಲ್ಲಿ ಮಕ್ಕಳಿಗೆ ಉಪದೇಶ ಸಿಗುತ್ತದೆ. ಇಲ್ಲಿ ಮಕ್ಕಳಿಗೆ ಕೆಲಸ ಸಿಕ್ಕಿತು.

ಎರಡನೆಯ ಕಷ್ಟ ಇನ್ನೂ ಗಟ್ಟಿಯಾದದ್ದು. ಕಾಡುಪಾಪ ಕೋತಿಯಂತೆ ಮರದಿಂದ ಮರಕ್ಕೆ ಹಾರಲಾರದು. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಕೈಯಿಂದ ಕೈಗೆ ಹಿಡಿದು ದಾಟುತ್ತದೆ. ರಸ್ತೆ ಅಗಲ ಮಾಡಲು ಸಾಲುಮರ ಕಡಿದರೆ, ಹಸಿರು ಬೇಲಿ ತೆಗೆದು ಕಲ್ಲುಕಂಬ ನೆಟ್ಟು ತಂತಿ ಎಳೆದರೆ ಅದಕ್ಕೆ ದಾರಿ ಮುಚ್ಚಿತು. ನೆಲಕ್ಕಿಳಿದು ದಾಟಲು ಹೋದದ್ದು ನಾಯಿಗೋ ಲಾರಿಗೋ ಸಿಗುತ್ತದೆ. ಒಂದು ಹಳೆಯ ಬೇಲಿ ಕಿತ್ತಾಗ ನಾವು ಕಳೆದುಕೊಂಡದ್ದು ನಾಲ್ಕು ಮುಳ್ಳುಗಿಡವಲ್ಲ, ಎರಡು ನಡುಗಡ್ಡೆಗಳ ನಡುವಿನ ಸೇತುವೆ. ತಮಿಳುನಾಡು ಸರ್ಕಾರ 2022ರಲ್ಲಿ ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳಲ್ಲಿ 11,806 ಹೆಕ್ಟೇರ್ ವಿಸ್ತಾರದ ಕಡವೂರು ಕಾಡುಪಾಪ ಅಭಯಾರಣ್ಯವನ್ನು ಘೋಷಿಸಿತು; ದೇಶದಲ್ಲಿ ಇದೇ ಮೊದಲನೆಯದು. ನಾಗವಲ್ಲಿಯಂಥ ಕಡೆ ಅಷ್ಟು ದೊಡ್ಡ ಕಾಡಿಲ್ಲ, ಅಭಯಾರಣ್ಯ ಮಾಡಲಾಗದು. ಆದರೆ ಬೇಲಿ ಉಳಿಸಿಕೊಳ್ಳುವ ರೈತನಿಗೆ ಪಂಚಾಯಿತಿಯಿಂದ ಒಂದು ಪ್ರೋತ್ಸಾಹಧನ, ರಸ್ತೆ ಕೆಲಸದಲ್ಲಿ ಮರದ ಕೊಂಬೆಗಳು ಎದುರುಬದುರು ಕೂಡುವ ಜಾಗಗಳನ್ನು ಮುಟ್ಟದಿರುವುದು, ಇಷ್ಟನ್ನು ಮಾಡಲು ಅಧಿಸೂಚನೆ ಬೇಕಿಲ್ಲ.

ದೂರದ ಒಂದು ಉದಾಹರಣೆಯನ್ನು ಇಲ್ಲಿ ತರಬೇಕು. ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕ ದೇಶ. ಅಲ್ಲಿ ಮಾತ್ರ ಇರುವ ಒಂದು ಗಿಳಿ 1970ರ ದಶಕದಲ್ಲಿ ನೂರರ ಆಸುಪಾಸಿಗೆ ಇಳಿದಿತ್ತು. ಬೇಟೆ, ಸಾಕಲು ಹಿಡಿಯುವುದು, ಕಾಡು ಕಡಿಯುವುದು ಮೂರೂ ನಡೆದಿದ್ದವು. ಪಾಲ್ ಬಟ್ಲರ್ ಎಂಬ ತರುಣ ಅಲ್ಲಿನ ಅರಣ್ಯ ಇಲಾಖೆಯೊಂದಿಗೆ ಸೇರಿ ಶಾಲೆ ಶಾಲೆ ತಿರುಗಿ, ಹಾಡು, ಗೊಂಬೆಯಾಟ, ಭಿತ್ತಿಪತ್ರಗಳ ಮೂಲಕ ಜನರಿಗೆ ಹೇಳಿದ್ದು ಒಂದೇ ಮಾತು: ಈ ಹಕ್ಕಿ ನಿಮ್ಮದು, ಜಗತ್ತಿನಲ್ಲಿ ಇನ್ಯಾರ ಬಳಿಯೂ ಇಲ್ಲ. 1979ರಲ್ಲಿ ಅದು ರಾಷ್ಟ್ರಪಕ್ಷಿಯಾಯಿತು. ಹಕ್ಕಿಯ ಸಂಖ್ಯೆ ಏರಿತು. ಹೆದರಿಸುವುದಕ್ಕಿಂತ ಹೆಮ್ಮೆ ಹುಟ್ಟಿಸುವುದು ಹೆಚ್ಚು ಕೆಲಸ ಮಾಡುತ್ತದೆ ಎಂಬುದಕ್ಕೆ ಜಗತ್ತು ಇಂದಿಗೂ ಈ ದ್ವೀಪವನ್ನು ತೋರಿಸುತ್ತದೆ. ನಾಗವಲ್ಲಿಯ ಶಾಲೆ ಮಾಡಿದ್ದೂ ಅದನ್ನೇ. ಹಾಡು, ಹರಿಕಥೆ, ನಾಟಕಕ್ಕೆ ನಮ್ಮಲ್ಲಿ ಬರವಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಕನ್ನಡ ನಾಡಿಗೇ ರಂಗಭೂಮಿಯ ರುಚಿ ಹತ್ತಿಸಿತು. ಅಂಥ ಊರಿನ ಜಾತ್ರೆಯಲ್ಲಿ ಕಾಡುಪಾಪದ ಮೇಲೊಂದು ನಾಟಕ ಏಕೆ ಆಡಬಾರದು?

ಹೆಮ್ಮೆಯ ಮಾತು ಕಾಡುಪಾಪಕ್ಕೆ ಸಲ್ಲುತ್ತದೆ, ಕೊಕ್ಕರೆಗೆ ಸಲ್ಲುತ್ತದೆ. ಚಿರತೆಗೆ ಸಲ್ಲುವುದು ಸುಲಭವಲ್ಲ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಹೆಬ್ಬೂರು, ಸಿ.ಎಸ್. ಪುರ ಹೋಬಳಿಗಳು ಮತ್ತು ಕುಣಿಗಲ್ ಗಡಿಯ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಸತ್ತರು, ಅವರಲ್ಲಿ ಚಿಕ್ಕ ಮಕ್ಕಳಿದ್ದರು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಆಹಾರ ಸರಪಳಿಯ ಪಾಠ ಹೇಳುವುದು ಕ್ರೌರ್ಯ. ಆ ತಿಂಗಳುಗಳಲ್ಲಿ ಸಂಜೆಯಾದರೆ ಹಳ್ಳಿಗಳ ಬಾಗಿಲು ಮುಚ್ಚುತ್ತಿದ್ದವು. ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು, ಚಿರತೆಗಳನ್ನು ಹಿಡಿದು ಸಾಗಿಸಿದರು. ಹಿಡಿದ ಚಿರತೆಯನ್ನು ಬೇರೆಡೆ ಬಿಟ್ಟರೆ ತೊಂದರೆ ಮುಗಿಯುವುದಿಲ್ಲ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ, ಬಿಟ್ಟ ಕಡೆ ಹೊಸ ತೊಂದರೆ ಶುರುವಾಗುತ್ತದೆ ಎಂದು ಇದನ್ನು ಬಲ್ಲವರು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ಆದರೆ ಮಗು ಸತ್ತ ಊರಿನಲ್ಲಿ ಆ ಮಾತು ಕೇಳಿಸಬೇಕಾದರೆ ಅದಕ್ಕೆ ಮೊದಲು ಬೇರೆ ಕೆಲಸಗಳು ಆಗಿರಬೇಕು.

ಆ ಕೆಲಸಗಳು ಯಾವುವು ಎಂದು ಹಳ್ಳಿಯವರಿಗೇ ಗೊತ್ತು. ಪಂಪ್‌ಸೆಟ್‌ಗೆ ರಾತ್ರಿ ಹೊತ್ತು ತ್ರೀಫೇಸ್ ಕರೆಂಟ್ ಕೊಟ್ಟರೆ ರೈತ ಕತ್ತಲಲ್ಲೇ ತೋಟಕ್ಕೆ ಹೋಗಬೇಕು. ಹಗಲು ಕೊಡಿ ಎಂಬುದು ಚಿರತೆ ಓಡಾಡುವ ಹಳ್ಳಿಗಳ ಹಳೆಯ ಬೇಡಿಕೆ. ಮನೆಯ ಹತ್ತಿರ ಬಚ್ಚಲು, ಶೌಚಾಲಯ ಇರಬೇಕು. ಊರಂಚಿನಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಸುರಿದರೆ ನಾಯಿಗಳು ಸೇರುತ್ತವೆ, ನಾಯಿ ಸೇರಿದ ಕಡೆ ಚಿರತೆ ಬರುತ್ತದೆ. ಕುರಿ, ಕರು ಕಟ್ಟುವ ಕೊಟ್ಟಿಗೆಗೆ ಬಾಗಿಲು ಬೇಕು. ಬೀದಿದೀಪ ಬೇಕು. ಸಂಜೆ ಮಕ್ಕಳು ಒಬ್ಬೊಬ್ಬರೇ ದನ ಅಟ್ಟಿಕೊಂಡು ಬರಬಾರದು. ಇವೆಲ್ಲ ವನ್ಯಜೀವಿ ಸಂರಕ್ಷಣೆಯ ಕೆಲಸಗಳೇ, ಆದರೆ ಇವುಗಳಲ್ಲಿ ಒಂದೂ ಅರಣ್ಯ ಇಲಾಖೆಯ ಕೈಯಲ್ಲಿಲ್ಲ. ವಿದ್ಯುತ್ ಕಂಪನಿ, ಪಂಚಾಯಿತಿ, ಶಾಲೆ, ಪಶುವೈದ್ಯ ಆಸ್ಪತ್ರೆ ಒಂದೇ ಮೇಜಿನ ಸುತ್ತ ಕೂರದೆ ಇದು ಆಗುವುದಿಲ್ಲ. ಚಿರತೆಗಳ ಬಗ್ಗೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿರುವ ಸಂಜಯ್ ಗುಬ್ಬಿ ಈ ಜಿಲ್ಲೆಯವರು. ಅವರ ತಂಡದ ಕ್ಯಾಮೆರಾಗಳಲ್ಲಿ ಬುಕ್ಕಾಪಟ್ಟಣದ ಕುರುಚಲು ಕಾಡಿನ ಚಿಂಕಾರ ಮತ್ತು ಕೊಂಡುಕುರಿ ಕಂಡವು. ಚಿಂಕಾರ ಹಬ್ಬಿರುವ ಸೀಮೆಯ ದಕ್ಷಿಣದ ಅಂಚು ಅದು. 2019ರಲ್ಲಿ ಅಲ್ಲಿನ 136 ಚದರ ಕಿಲೋಮೀಟರ್ ಪ್ರದೇಶ ಚಿಂಕಾರ ವನ್ಯಜೀವಿ ಧಾಮವಾಯಿತು. ಒಂದೇ ವರ್ಷ ಜಿಲ್ಲೆಯ ಒಂದು ಮೂಲೆಯಲ್ಲಿ ಧಾಮ ಘೋಷಣೆಯಾಯಿತು, ಇನ್ನೊಂದು ಮೂಲೆಯಲ್ಲಿ ಚಿರತೆ ದಾಳಿ ಶುರುವಾಯಿತು. ತುಮಕೂರಿನ ಸಂರಕ್ಷಣೆಯ ಎರಡು ಮುಖಗಳು ಇವು. ಒಂದನ್ನು ಮಾತ್ರ ಹೇಳಿದರೆ ಅರ್ಧ ಸತ್ಯ.

ಬುಕ್ಕಾಪಟ್ಟಣದ ಮಾತು ಬಂದದ್ದರಿಂದ, ಜಿಲ್ಲೆಯಲ್ಲಿ ಅರಿವು ತೀರ ಕಡಿಮೆಯಿರುವ ಕಡೆಗೆ ಬರುತ್ತೇನೆ. ಅದು ಹುಲ್ಲುಗಾವಲು, ಕುರುಚಲು, ಕಾವಲು. ಮರವಿಲ್ಲದ ನೆಲ ಎಂದರೆ ಬೀಳು ಎಂಬ ಭಾವನೆ ಸರ್ಕಾರದ ಕಡತಗಳಿಂದ ಹಿಡಿದು ಪರಿಸರ ಪ್ರೇಮಿಗಳ ಮನಸ್ಸಿನವರೆಗೂ ಬೇರೂರಿದೆ. ಉಪಗ್ರಹ ಚಿತ್ರಗಳಿಂದ ತಯಾರಾಗುವ ದೇಶದ ಬೀಳುಭೂಮಿ ಅಟ್ಲಾಸ್‌ನಲ್ಲಿಯೂ ಕುರುಚಲು ನೆಲ ಒಂದು ಬೀಳು ವರ್ಗ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲುಗಳು ಈ ಸೀಮೆಯ ತುಂಬ ಇದ್ದವು. ಹಳ್ಳಿಕಾರ್, ಅಮೃತಮಹಲ್ ರಾಸುಗಳು ಮೇಯ್ದು ಬಲಿತದ್ದು ಅಲ್ಲಿ. ತೋಳ, ಗುಳ್ಳೆನರಿ, ಮೊಲ, ಕೌಜುಗ, ನೆಲದಲ್ಲಿ ಮೊಟ್ಟೆಯಿಡುವ ಟಿಟ್ಟಿಭ ಎಲ್ಲಕ್ಕೂ ಅದೇ ಮನೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಈಗ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ದೇಶಕ್ಕೆ ಹೆಲಿಕಾಪ್ಟರ್ ಬೇಕು, ಜಿಲ್ಲೆಯ ಹುಡುಗರಿಗೆ ಕೆಲಸ ಬೇಕು. ಅದನ್ನು ನಾನು ಪ್ರಶ್ನಿಸುತ್ತಿಲ್ಲ. ನನ್ನ ಪ್ರಶ್ನೆ ಬೇರೆ: ಮರವಿರುವ 615 ಎಕರೆ ಆಗಿದ್ದರೆ ಒಂದು ಚರ್ಚೆಯಾದರೂ ನಡೆಯುತ್ತಿತ್ತಲ್ಲವೇ? ಕಾವಲಿನ ಹುಲ್ಲಿಗೆ ಆ ಮಟ್ಟದ ಮರ್ಯಾದೆಯೂ ಸಿಗಲಿಲ್ಲ.

ಕಾರ್ಖಾನೆಗಿಂತ ಹೆಚ್ಚಾಗಿ ಹುಲ್ಲುಗಾವಲನ್ನು ಕೆಡಿಸಿದ್ದು ನಮ್ಮ ಒಳ್ಳೆಯ ಉದ್ದೇಶ. ಎಲ್ಲಿ ಬಯಲು ಕಂಡರೂ ಅಲ್ಲಿ ಸಸಿ ನೆಡಬೇಕೆಂಬ ಉತ್ಸಾಹ. ಮೈದನಹಳ್ಳಿಯ ಹುಲ್ಲಿನ ನಡುವೆಯೂ ನೀಲಗಿರಿ ತೋಪುಗಳಿವೆ. ತೆರೆದ ಬಯಲಿನಲ್ಲಿ ಓಡಿ ಪಾರಾಗುವ ಕೃಷ್ಣಮೃಗಕ್ಕೆ ಮರಗಳ ಗುಂಪು ಆಸರೆಯಲ್ಲ, ಅಡ್ಡಿ. ದೇವರಾಯನದುರ್ಗದ ಬಂಡೆಗಳ ನಡುವಿನ ಕುರುಚಲನ್ನೇ ನೆಚ್ಚಿರುವ ಹಳದಿ ಕತ್ತಿನ ಪಿಕಳಾರಕ್ಕೂ ಅಷ್ಟೇ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಇರುವ, ಅಪಾಯದ ಅಂಚಿನಲ್ಲಿರುವ ಹಕ್ಕಿ ಅದು. ಅದರ ಗುಡ್ಡ ಕಲ್ಲುಗಣಿಯವರಿಗೂ ಬೇಕು, ಸಸಿ ನೆಡುವವರಿಗೂ ಬೇಕು.

ಹಾಗೆಂದು ಮರ ನೆಡುವವರನ್ನು ಹಗುರವಾಗಿ ಕಾಣಬಾರದು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಕುಣಿಗಲ್‌ಗೆ ಹೊಂದಿಕೊಂಡ ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕ, ಹುಲಿಕಲ್ ಮತ್ತು ಕುದೂರು ನಡುವಿನ ರಸ್ತೆಯ ಬದಿಯಲ್ಲಿ ಗಂಡನೊಡನೆ ಸುಮಾರು 385 ಆಲದ ಮರಗಳನ್ನು ಬೆಳೆಸಿದರು. ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ನೀರೆರೆದರು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಆ ಮರಗಳಿಗೆ ಕುತ್ತು ಬಂದಾಗ ಮುಖ್ಯಮಂತ್ರಿಯವರ ಬಳಿ ಹೋಗಿ ಬೇಡಿಕೊಂಡರು. ತಿಮ್ಮಕ್ಕ ನೆಟ್ಟದ್ದು ಹುಲ್ಲುಗಾವಲಿನಲ್ಲಲ್ಲ, ದಾರಿಯ ಬದಿಯಲ್ಲಿ. ನೆಟ್ಟದ್ದು ನೂರಾರು ಹಕ್ಕಿಗೆ ಹಣ್ಣು ಕೊಡುವ ನಾಡಮರ. ನೆಟ್ಟ ಮೇಲೆ ಬಿಟ್ಟು ಹೋಗಲಿಲ್ಲ. ಈ ಮೂರು ಸಂಗತಿಗಳನ್ನು ಬಿಟ್ಟು ಅವರ ಹೆಸರನ್ನು ಮಾತ್ರ ನಾವು ವನಮಹೋತ್ಸವಗಳಲ್ಲಿ ಹೇಳುತ್ತಿದ್ದೇವೆ.

ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಮರದ ಸಂಗತಿಯೂ ಇದೇ ಸಾಲಿಗೆ ಸೇರುತ್ತದೆ. ಎಸ್.ಕೆ. ಸಿದ್ದಪ್ಪನವರು ಬೆಳೆಸಿದ್ದ ಒಂದು ಮರದ ಹಣ್ಣು ತಾಮ್ರಗೆಂಪು ತೊಳೆಯದು. ಹಣ್ಣು ಸಣ್ಣದು, ಸರಾಸರಿ ಎರಡೂವರೆ ಕಿಲೋದೊಳಗೆ. ಒಂದು ಮನೆಗೆ ಹಿಡಿಸುವಷ್ಟು. ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಗುರುತಿಸಿ, ಸಿದ್ದು ಎಂದೇ ಹೆಸರಿಟ್ಟು, 2017ರಲ್ಲಿ ಅವರ ಮಗ ಪರಮೇಶ್ ಅವರೊಂದಿಗೆ ಒಪ್ಪಂದ ಮಾಡಿಕೊಂಡು ಕಸಿಗಿಡಗಳನ್ನು ಹರಡಿದರು. ಮರ ಕಾಪಾಡಿದ ಮನೆಗೆ ಆದಾಯ ಬಂತು. ಚೇಳೂರಿನ ಮಾರುಕಟ್ಟೆಗೆ ಬರುವ ಹಲಸಿನ ರಾಶಿಯಲ್ಲಿ ಒಂದೊಂದು ಮರದ್ದೂ ಒಂದೊಂದು ರುಚಿ. ಆ ವೈವಿಧ್ಯವೆಲ್ಲ ಹೊಲದ ಬದುವಿನಲ್ಲೇ ಇದ್ದು, ಮರದ ವ್ಯಾಪಾರಿ ಬಂದ ದಿನ ಸಾಮಿಲ್ಲಿಗೆ ಹೋಗುತ್ತಿತ್ತು. ಒಂದು ಮರಕ್ಕೆ ಹೆಸರು ಬಂದದ್ದರಿಂದ ಅಕ್ಕಪಕ್ಕದ ಮರಗಳ ಕಡೆಗೂ ಜನ ತಿರುಗಿ ನೋಡಿದರು.

ಇನ್ನು ಕೆರೆಗಳು. ಕುಣಿಗಲ್‌ನ ದೊಡ್ಡಕೆರೆಗೆ ಜನಪದ ಗೀತೆಯೇ ಇದೆ, ಅದನ್ನು ಹಾಡದ ಕನ್ನಡಿಗರು ಕಡಿಮೆ. ಹಾಡಿನಲ್ಲಿ ಬದುಕಿರುವ ಕೆರೆಗೆ ನೆಲದ ಮೇಲೆ ಮಳೆನೀರು ತರುವ ಹಳ್ಳಗಳ ಗತಿ ಏನಾಗಿದೆ ಎಂದು ಕೇಳಿದರೆ ಉತ್ತರ ಸಂತೋಷ ಕೊಡುವುದಿಲ್ಲ. ಗೊರೂರಿನ ಹೇಮಾವತಿ ಜಲಾಶಯದ ನಾಲೆಯ ನೀರು ಬಂದ ಮೇಲೆ ಮೂರೂ ತಾಲ್ಲೂಕುಗಳಲ್ಲಿ ಕೆರೆಯ ಲೆಕ್ಕವೇ ಬದಲಾಯಿತು. ತುಮಕೂರು ನಗರ ಕುಡಿಯುವುದೂ ಬುಗುಡನಹಳ್ಳಿ ಕೆರೆಗೆ ಬಂದು ನಿಲ್ಲುವ ಹೇಮಾವತಿಯನ್ನೇ. ಗುಬ್ಬಿ ಕಡೆಯಿಂದ ಕುಣಿಗಲ್‌ಗೆ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಮಾಡುವ ಯೋಜನೆ ಬಂದಾಗ 2024 ಮತ್ತು 2025ರಲ್ಲಿ ಸಾವಿರಾರು ಜನ ಬೀದಿಗಿಳಿದರು. ಎರಡು ಕಡೆಯ ರೈತರ ಸಂಕಟವೂ ನಿಜ. ಆದರೆ ದೂರದ ನೀರಿಗಾಗಿ ಇಷ್ಟು ಜೋರಾಗಿ ನಿಲ್ಲುವ ನಾವು, ನಮ್ಮ ಕೆರೆಗೇ ನೀರು ತರಬೇಕಾದ ಹಳ್ಳ ಮುಚ್ಚಿ ತೋಟ ಮಾಡಿದಾಗ, ಸೈಟ್ ಮಾಡಿದಾಗ ಒಂದು ಅರ್ಜಿಯನ್ನೂ ಕೊಡಲಿಲ್ಲ.

ನಗರದ ಅಮಾನಿಕೆರೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಚಂದವಾಯಿತು. 2016ರಲ್ಲಿ ತುಮಕೂರು ಆ ಪಟ್ಟಿಗೆ ಸೇರಿದ ಮೇಲೆ ಏರಿಯ ಮೇಲೆ ನಡಿಗೆಪಥ, ಉದ್ಯಾನ ಬಂದವು. ಸಂಜೆ ಅಲ್ಲಿ ನಡೆಯುವ ಹಿರಿಯರನ್ನು, ಆಡುವ ಮಕ್ಕಳನ್ನು ನೋಡಿದರೆ ಸಂತೋಷವೇ ಆಗುತ್ತದೆ. ಆದರೆ ಕೆರೆ ಎಂದರೆ ಏರಿ ಮಾತ್ರವಲ್ಲ. ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಎಲ್ಲ ಕೂಡಿ ಕೆರೆ. ಹಕ್ಕಿಗೆ ಬೇಕಾದದ್ದು ಆಳದ ನೀರಲ್ಲ, ಅಂಗಳದ ಅಂಚಿನ ಮೊಣಕಾಲುದ್ದದ ಕೆಸರು. ಕೊಕ್ಕರೆ ನಿಂತು ಮೀನು ಹಿಡಿಯುವುದು, ಬಾತುಗಳು ಜೊಂಡಿನಲ್ಲಿ ಅಡಗುವುದು ಅಲ್ಲಿ. ಸುತ್ತ ಕಲ್ಲು ಕಟ್ಟಿ, ಅಂಚನ್ನು ನೇರ ಇಳಿಸಿ, ಒಳಗೆ ತೋಡಿದರೆ ನೀರಿನ ತೊಟ್ಟಿಯಾಗುತ್ತದೆ, ಕೆರೆ ಉಳಿಯುವುದಿಲ್ಲ. ಹಿಂದೆ ನೀರುಗಂಟಿ ತೂಬು ನೋಡಿಕೊಳ್ಳುತ್ತಿದ್ದ, ರೈತರು ಬೇಸಿಗೆಯಲ್ಲಿ ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಹೂಳು ತೆಗೆಯುವುದೂ ಗೊಬ್ಬರವೂ ಒಂದೇ ಕೆಲಸವಾಗಿತ್ತು. ನಗರದ ಕೊಳಚೆ ನೀರು ಸಂಸ್ಕರಣೆಗೆ ಹೋಗುವ ಭೀಮಸಂದ್ರದ ಕಡೆಯ ಹಳ್ಳಿಯವರು ಈ ನಗರದ ಅರಿವಿನ ಬಗ್ಗೆ ಏನು ಹೇಳುತ್ತಾರೆಂದು ಉದ್ಯಾನದಲ್ಲಿ ನಡೆಯುವ ನಾವು ಕೇಳಿಸಿಕೊಳ್ಳಬೇಕು.

ಕುಣಿಗಲ್‌ನ ಕುದುರೆ ಫಾರಂನದು ಬೇರೆಯೇ ಕಥೆ. ಟಿಪ್ಪು ಸುಲ್ತಾನನ ಕಾಲದಿಂದ ಬಂದ, ನಾನ್ನೂರು ಎಕರೆಗೂ ಹೆಚ್ಚಿನ ಈ ಹುಲ್ಲುಗಾವಲು ಮತ್ತು ಹಳೆಯ ಮರಗಳ ನೆಲದಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ 2024ರಲ್ಲಿ ಬಂದಾಗ ವಿರೋಧ ಎದ್ದಿತು. ಹೆಚ್ಚಿನವರ ಮಾತು ಪರಂಪರೆಯದ್ದು, ಊರಿನ ಹೆಸರಿನದ್ದು. ಇರಲಿ. ಒಂದು ಹುಲ್ಲುಗಾವಲಿನ ಪರವಾಗಿ ಒಂದು ಪಟ್ಟಣ ಮಾತಾಡಿದ್ದೇ ದೊಡ್ಡದು. ಬಿದರೆಹಳ್ಳದ ಕಾವಲಿಗೆ ಸಿಗದ ಭಾಗ್ಯ ಅದು.

ಕಾನೂನಿನ ಕಡೆಯಿಂದ ನಮ್ಮ ಕೈಯಲ್ಲಿ ಒಂದು ಸಾಧನವಿದೆ, ಅದನ್ನು ನಾವು ಮುಟ್ಟಿಯೇ ಇಲ್ಲ ಎನ್ನಬಹುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಅದು ಊರಿನ ಗಿಡಮರ, ಪ್ರಾಣಿಪಕ್ಷಿ, ತಳಿ, ನಾಟಿ ವೈದ್ಯರ ತಿಳಿವಳಿಕೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ವರ್ಷಗಟ್ಟಲೆ ಯಾರೂ ಮಾಡಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು ದಂಡದ ಎಚ್ಚರಿಕೆ ಕೊಟ್ಟ ಮೇಲೆ ದೇಶದೆಲ್ಲೆಡೆ ಅವಸರ ಅವಸರವಾಗಿ ಪುಸ್ತಕಗಳು ತಯಾರಾದವು. ಅವಸರದಲ್ಲಿ ತುಂಬಿಸಿದ ಪುಸ್ತಕದಲ್ಲಿ ಊರಿನವರ ಕಣ್ಣು ಇರುವುದಿಲ್ಲ. ನಾಗವಲ್ಲಿಯ ಮಕ್ಕಳಂಥವರು, ಕಗ್ಗಲಡುವಿನ ಹಿರಿಯರಂಥವರು, ಚೇಳೂರಿನ ಹಲಸು ಬೆಳೆಗಾರರಂಥವರು ಬರೆಯಬೇಕಾದ ಪುಸ್ತಕ ಅದು.

ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಓದುಗರಲ್ಲಿ ನನ್ನ ವಿನಂತಿ ಇದು. ಮುಂದಿನ ಗ್ರಾಮಸಭೆಗೆ ಹೋಗಿ. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕವನ್ನು ತೋರಿಸಿ ಎಂದು ಕೇಳಿ. ಅದರಲ್ಲಿ ನಿಮ್ಮೂರಿನ ಕಾವಲು, ಗುಂಡುತೋಪು, ಕೆರೆಯಂಗಳ, ನೀರು ಬರುವ ಹಳ್ಳ, ಹಳೆಯ ಬೇಲಿ ಸರ್ವೆ ನಂಬರ್ ಸಹಿತ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ ಎಂದು ಲಿಖಿತ ಅರ್ಜಿ ಕೊಡಿ, ಹಿಂಬರಹ ಪಡೆದುಕೊಳ್ಳಿ. ಊರಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರನ್ನೂ ಮಕ್ಕಳನ್ನೂ ಆ ಸಮಿತಿಯ ಕೆಲಸಕ್ಕೆ ಕರೆಯಿರಿ.